ನೂರನೆಯ ಒಲೆ

ಊರಿಗೆ ಒಂದು ಮನೆ ಕಡಿಮೆ ಬಿತ್ತು.

ಕಡಿಮೆ ಬಿದ್ದದ್ದು ಬೆಳಗಿನ ನಮಾಜು ಮುಗಿದ ಮೇಲೆ, ಮಸೀದಿಯ ಜಗಲಿಯಲ್ಲಿ. ಅಲ್ಲಿಯವರೆಗೆ ಊರಿಗೆ ಯಾವ ಕೊರತೆಯೂ ಇರಲಿಲ್ಲ ಎಂದಲ್ಲ. ಇದ್ದ ಕೊರತೆಗಳೆಲ್ಲ ಹಳೆಯವಾಗಿ, ಸಾಕಿದ ಬೆಕ್ಕಿನಂತೆ ಕಾಲಿಗೆ ಸುತ್ತಿಕೊಂಡು ಬಿದ್ದಿದ್ದವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ನಡುವೆ ಒಣಗಲು ಹಾಕಿ ಮರೆತ ಬಲೆಯಂತೆ ಉದ್ದಕ್ಕೆ ಚಾಚಿದ ಮರಳು, ಅದರ ಮೇಲೆ ಊರು. ಒಂದು ಮಸೀದಿ, ಒಂದು ಅಂಗಡಿ, ಒಬ್ಬ ದರ್ಜಿ, ಮೇಷ್ಟ್ರು ಬಂದ ದಿನ ಮಾತ್ರ ಒಂದು ಶಾಲೆ. ಪಟ್ಟಣಕ್ಕೆ ಹೋಗುವ ಲಾಂಚು ದಿನವೂ ಊರಿನ ಮುಂದೆಯೇ ಹಾದುಹೋಗುತ್ತಿತ್ತು. ಹತ್ತಿ ಇಳಿಯುವ ಕಟ್ಟೆ, ಅಂದರೆ ಜೆಟ್ಟಿ, ಇಲ್ಲದ್ದರಿಂದ ನಿಲ್ಲುತ್ತಿರಲಿಲ್ಲ. ಆದರೆ ಹಾರ್ನ್ ಹೊಡೆಯುವುದನ್ನು ಮಾತ್ರ ಮರೆಯುತ್ತಿರಲಿಲ್ಲ, ಉಂಡವನು ಹಸಿದವನ ಮುಂದೆ ತೇಗಿದ ಹಾಗೆ. ಹೆರಿಗೆ ನೋವು ಬಂದವರನ್ನು ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಹಾಗಾಗಿ ಅರ್ಧ ಊರು ಹುಟ್ಟಿದ್ದು ನಡುನೀರಿನಲ್ಲಿ. ಚಿಕ್ಕಪ್ಪನೂ ಅಲ್ಲೇ ಹುಟ್ಟಿದವನು. ಅವನು ದಡ ಸೇರಿದ, ಅವನ ತಾಯಿ ಸೇರಲಿಲ್ಲ.

ಚಿಕ್ಕಪ್ಪ ಎಂದರೆ ಬಲೆ ಹೆಣೆಯುವವನು. ಮದುವೆಯಾಗದೆ ಅಣ್ಣನ ಮನೆಯಲ್ಲೇ ಇದ್ದ. ಅಣ್ಣನ ಮಕ್ಕಳು ಚಿಕ್ಕಪ್ಪ ಎನ್ನುತ್ತಿದ್ದುದನ್ನು ಕೇಳಿ ಕೇಳಿ ಊರೆಲ್ಲ ಹಾಗೇ ಕರೆಯತೊಡಗಿತು. ಅವನಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವನು ಚಿಕ್ಕಪ್ಪನೇ. ಅಂಥವರಲ್ಲಿ ಒಬ್ಬ ಕ್ಯಾಪ್ಟನ್, ಮಸೀದಿ ಕಮಿಟಿಯ ಅಧ್ಯಕ್ಷ. ಯೌವನದಲ್ಲಿ ಯಾವುದೋ ಹಡಗಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಚುಕ್ಕಾಣಿ ಹಿಡಿದವನಿಗೆ ಸೀನು ಬಂದು, ಆ ಸೀನು ಮುಗಿಯುವವರೆಗೆ ಇವನು ಚುಕ್ಕಾಣಿ ಹಿಡಿದಿದ್ದನಂತೆ. ಅಂದು ಹಿಡಿದದ್ದನ್ನು ಇನ್ನೂ ಬಿಟ್ಟಿರಲಿಲ್ಲ.

"ಜೆಟ್ಟಿ ಬರುತ್ತೆ!" ಎಂದು ಸಾರಿದ ಕ್ಯಾಪ್ಟನ್. "ನಿನ್ನೆ ಪಟ್ಟಣದ ಆಫೀಸಿಗೆ ಹೋಗಿದ್ದೆ. ಊರೂರಿನ ವಿವರ ಬರ್ಕೊಳ್ಳೋಕೆ ಇವತ್ತು ಒಬ್ಬಳು ಬರ್ತಾಳಂತೆ. ಜೆಟ್ಟಿಗೆ ನೂರು ಮನೆ ಲೆಕ್ಕ ಇಟ್ಟಿದ್ದಾರೆ. ಅಷ್ಟು ಹೇಳಿ ಗುಮಾಸ್ತ ಊಟಕ್ಕೆ ಎದ್ದ, ನಾನು ಓಡಿ ಬಂದೆ. ಆಚೆ ದಡದವರಿಗೆ ಮುನ್ನೂರು ಮನೆ, ಅವರಿಗೆ ಜೆಟ್ಟಿ ಇದೆ. ನಮ್ಮದೆಷ್ಟು?"

"ತೊಂಬತ್ತೊಂಬತ್ತು," ಎಂದ ದರ್ಜಿ. ಊರಿನ ಪ್ರತಿ ಕಿಟಕಿಯ ಪರದೆಯನ್ನೂ ಅವನೇ ಹೊಲಿದದ್ದರಿಂದ ಯಾರೂ ಎದುರಾಡಲಿಲ್ಲ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಗಾಳಿ ತಿರುಗಿದಾಗ ದೋಣಿಗಳೆಲ್ಲ ಒಟ್ಟಿಗೆ ಮೂತಿ ತಿರುಗಿಸುವಂತೆ, ಎಲ್ಲ ಮುಖಗಳೂ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಹುಡುಕುತ್ತಿದ್ದ ಚಿಕ್ಕಪ್ಪನ ಕಡೆಗೆ ತಿರುಗಿದವು.

"ಒಲೆ ಬೇರೆಯಾದ್ರೆ ಮನೆ ಬೇರೆ," ಎಂದ ಕ್ಯಾಪ್ಟನ್ ಮೆಲ್ಲಗೆ. "ಅಣ್ಣ ತಮ್ಮ ಒಂದೇ ಒಲೇಲಿ ಉಣ್ಣೋದು ಊರಲ್ಲಿ ನಿಮ್ಮನೇಲಿ ಮಾತ್ರ ಚಿಕ್ಕಪ್ಪ."

ನಿಜವೇ. ಉಳಿದವರೆಲ್ಲ ಯಾವತ್ತೋ ಜಗಳವಾಡಿ ಪಾಲಾಗಿ, ಊರಿನ ಏಳಿಗೆಗೆ ತಮ್ಮ ಕೈಲಾದದ್ದು ಮಾಡಿಯಾಗಿತ್ತು.

"ನನ್ನನ್ನ ಅಣ್ಣನೇ ಸಾಕಿದ್ದು," ಎಂದ ಚಿಕ್ಕಪ್ಪ. ಒಂದೇ ಚಪ್ಪಲಿ ಸಿಕ್ಕಿತ್ತು. "ನಾನು ಎಲ್ಲಿಗೆ ಹೋಗಲಿ?"

"ಎಲ್ಲಿಗೂ ಹೋಗ್ಬೇಡ. ಸಾಯಂಕಾಲದವರೆಗೆ ಬೇರೆ ಇರು. ಅವಳು ಆ ಕಡೆ ಹೋದ್ಲು, ನೀನು ಈ ಕಡೆ ಒಳಗೆ ಬಂದೆ. ನಿನ್ನ ತಾಯೀನ ಒಂದ್ಸಲ ನೆನೆಸ್ಕೋ ಮಾರಾಯ. ಜೆಟ್ಟಿ ಇದ್ದಿದ್ರೆ..."

ಚಿಕ್ಕಪ್ಪ ಆ ಒಂದೇ ಚಪ್ಪಲಿಯನ್ನು ಮೆಟ್ಟಿಕೊಂಡು ಮನೆಯ ಕಡೆ ಹೊರಟ.

ಸ್ವಲ್ಪ ಹೊತ್ತಿನಲ್ಲಿ ಅರ್ಧ ಊರು ಅಣ್ಣನ ಮನೆಯೊಳಗಿತ್ತು. ದೋಣಿ ನಡೆಸುವ ಅಣ್ಣ ಮಿತಭಾಷಿ. ಎಲ್ಲದಕ್ಕೂ "ಹ್ಞೂಂ" ಎನ್ನುತ್ತಿದ್ದ. ಉದ್ದದ ಹ್ಞೂಂ ಎಂದರೆ ಆಗಲಿ, ಗಿಡ್ಡ ಹ್ಞೂಂ ಎಂದರೆ ಆಗದು. ಜೆಟ್ಟಿಯ ಮಾತು ಕೇಳಿ ಉದ್ದದ್ದನ್ನೇ ಹೇಳಿದ. ಅತ್ತಿಗೆಗಂತೂ ನಗು ತಡೆಯಲಾಗಲಿಲ್ಲ. "ಒಲೆ ಹೊತ್ತಿಸೋಕೆ ಬರುತ್ತೇನೋ ನಿನಗೆ? ಮನೆಗೆ ಬೆಂಕಿ ಹಚ್ಚೀಯ, ಆಮೇಲೆ ಊರಿಗೆ ಎರಡು ಮನೆ ಕಡಿಮೆ ಆದಾವು!"

ದರ್ಜಿ ಸೀಮೆಸುಣ್ಣ ತೆಗೆದು, ಅಳತೆಯ ಟೇಪು ಹಿಡಿದು, ಮನೆಯ ನಡುವೆ ಗೆರೆ ಎಳೆದ. ಗೆರೆ ಹೊಸ್ತಿಲು ದಾಟಿ, ಕೋಳಿಗೂಡನ್ನು ಸೀಳಿ, ಚಿಕ್ಕಪ್ಪ ದಿನವೂ ಒರಗಿ ಕೂರುವ ಕಂಬವನ್ನು ಸರಿಯಾಗಿ ಎರಡು ಮಾಡಿತು. ಅವನ ಚಾಪೆಯ ಮೇಲೂ ಹಾದದ್ದರಿಂದ, ಮಲಗಿದರೆ ತಲೆ ಅಣ್ಣನ ಮನೆಯಲ್ಲಿ, ಕಾಲು ಸ್ವಂತ ಮನೆಯಲ್ಲಿ. "ಎರಡೂ ಕಡೆ ಅರ್ಧರ್ಧ ಇಂಚು ಮಡಚೋಕೆ ಬಿಟ್ಟಿದ್ದೀನಿ," ಎಂದು ದರ್ಜಿ ತೃಪ್ತಿಯಿಂದ ಎದ್ದ.

ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಪಕ್ಕದ ಮನೆಯ ಮೊಟ್ಟೆ ಅಜ್ಜಿ ಬಾಯಿ ಹಾಕಿದಳು. ಮೊಟ್ಟೆ ಮಾರಿ ಬದುಕುವವಳು, ಮೂರು ಸಲ ಪಾಲಾದವಳು.

"ಗೆರೆ ಎಳೆದ್ರೆ ಪಾಲಾಯ್ತಾ? ಜಗಳ ಎಲ್ಲಿ? ಬಂದವಳು ನಮ್ಮನೆಗೂ ಬಂದು, ಇವರು ನಿಜವಾಗಿ ಬೇರೆ ಆದ್ರಾ ಅಂತ ಕೇಳಿದ್ರೆ ಏನನ್ಲಿ? ಈ ವಯಸ್ಸಲ್ಲಿ ನಾನು ಸುಳ್ಳು ಹೇಳಲ್ಲಪ್ಪ. ಅಲ್ಲಾಹ್ ನೋಡ್ತಾನೆ."

ಜನ ಇಮಾಮರ ಕಡೆ ನೋಡಿದರು. ಅವರು ಗಡ್ಡ ನೀವಿಕೊಂಡರು. "ಸುಳ್ಳು ಹೇಳಿ ಜೆಟ್ಟಿ ಕಟ್ಟಿಸ್ಕೋಬಾರ್ದು," ಎಂದರು. "ಅದಕ್ಕೆ ನಿಜವಾಗಿಯೇ ಸ್ವಲ್ಪ ಜಗಳ ಆಡಿಬಿಡಿ. ನಾವು ಕಂಡದ್ದನ್ನ ಕಂಡ ಹಾಗೆ ಹೇಳ್ತೀವಿ. ಯಾರ ತಲೆ ಮೇಲೂ ಪಾಪ ಬೇಡ."

ಚಿಕ್ಕಪ್ಪನನ್ನು ಗೆರೆಯ ಆಚೆ ನಿಲ್ಲಿಸಿದರು. ಜನ ಸುತ್ತ ಕೂತಿತು. ಕೆಲವರು ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡರು.

"ಶುರು ಮಾಡು!"

"ಏನಂತ?"

"ಹಳೇ ವಿಷಯ ತೆಗಿ. ಎಲ್ಲರ ಮನೇಲೂ ಇರುತ್ತೆ."

ಚಿಕ್ಕಪ್ಪ ಹುಡುಕಿದ. ಚಪ್ಪಲಿ ಹುಡುಕಿದಷ್ಟೇ ಶ್ರದ್ಧೆಯಿಂದ ಮನಸ್ಸಿನ ಮೂಲೆಮೂಲೆ ತಡಕಿದ. ಬೈಗುಳ ಯಾವುದೂ ಸಿಗಲಿಲ್ಲ. ಕೊನೆಗೆ ತಳದಲ್ಲಿ ಏನೋ ಒಂದು ಸಣ್ಣದು ಕೈಗೆ ಹತ್ತಿತು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ," ಎಂದ. "ನಿಮ್ಮ ಸಾರಿಗೆ ಉಪ್ಪು ಸಾಲದು."

ಅತ್ತಿಗೆಯ ನಗು ನಿಂತಿತು. "ಯಾವತ್ತಿನ ಸಾರಿಗೆ?"

"ಎಲ್ಲಾ ದಿನದ್ದಕ್ಕೂ."

"ಯಾವತ್ತಿನಿಂದ?"

"ನೀವು ಮದುವೆಯಾಗಿ ಬಂದಾಗಿನಿಂದ."

"ಭಲೆ!" ಎಂದಿತು ಜನ. ಇಷ್ಟು ಒಳ್ಳೆಯ ಆರಂಭವನ್ನು ಚಿಕ್ಕಪ್ಪನಿಂದ ಯಾರೂ ನಿರೀಕ್ಷಿಸಿರಲಿಲ್ಲ.

"ಇಪ್ಪತ್ತು ವರ್ಷ ಕೈ ನೆಕ್ಕಿಕೊಂಡು ತಿಂದ್ಯಲ್ಲೋ!" ಎಂದಳು ಅತ್ತಿಗೆ.

"ಮನೆಯವರ ಮುಂದೆ ಹೇಗೆ ಹೇಳೋದು ಅಂತ..."

"ಅದಕ್ಕೆ ಊರಿನವರ ಮುಂದೆ ಹೇಳ್ದೆ!"

"ಉಪ್ಪು ತಿಂದ ಮನೆಗೆ ಎರಡು ಬಗೀಬಾರ್ದು ಅಂತಾರೆ," ಎಂದಳು ಮೊಟ್ಟೆ ಅಜ್ಜಿ ಅಕ್ಕಪಕ್ಕದವರಿಗೆ. "ಇವನು ತಿಂದೇ ಇಲ್ವಂತೆ. ಇವನದ್ದೇನೂ ತಪ್ಪಿಲ್ಲ ಬಿಡಿ."

ಜನ ಗೊಳ್ಳೆಂದು ನಕ್ಕಿತು. ಅತ್ತಿಗೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹೆಂಡತಿಯ ಕಣ್ಣೀರು ಕಂಡು ಅಣ್ಣ ಎದ್ದು ಗೆರೆಯ ಅಂಚಿಗೆ ಬಂದ. ವರ್ಷಕ್ಕಾಗುವಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ.

"ನೀನು ಬಲೆಗೆ ಹಾಕಿದ ಗಂಟು ನಿಲ್ಲಲ್ಲ ಕಣೋ. ಒಂದೂ ನಿಲ್ಲಲ್ಲ. ದೋಣಿ ದಡ ಬಿಟ್ಟ ಮೇಲೆ ದಿನಾ ಬಿಚ್ಚಿ ಬೇರೆ ಕಟ್ತೀನಿ. ನಿನಗೆ ಗೊತ್ತಾಗ್ದೆ ಇರಲಿ ಅಂತ."

ಈ ಸಲ ಯಾರೂ ಭಲೆ ಎನ್ನಲಿಲ್ಲ.

ಚಿಕ್ಕಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ದಾರ ಕೊಯ್ದು ಕೊಯ್ದು ಬಿದ್ದ ಗಾಯದ ಗುರುತುಗಳು ಅಲ್ಲೇ ಇದ್ದವು. ಊರಿನ ಮೀನೆಲ್ಲ ತನ್ನ ಬೆರಳ ಸಂದಿನಿಂದಲೇ ಬರುತ್ತದೆ ಎಂದು ಅವನು ಒಳಗೊಳಗೇ ನಂಬಿದ್ದ. ನಡುನೀರಿನಲ್ಲಿ ದೋಣಿಯ ಹಲಗೆ ಕಳಚಿದರೆ ಹೇಗಾಗುತ್ತದೆ ಎಂದು ಅಣ್ಣ ಹಿಂದೆ ಹೇಳಿದ್ದುಂಟು. ಮೊದಲು ಕಾಲು ತಣ್ಣಗಾಗುತ್ತದಂತೆ. ಅವನ ಕಾಲು ತಣ್ಣಗಾಗಿತ್ತು.

ಚಾಪೆ, ದಿಂಬು, ಬಲೆ ಹೆಣೆಯುವ ಸೂಜಿ, ಎಲ್ಲವೂ ಒಂದೊಂದಾಗಿ ಗೆರೆ ದಾಟಿ ಅವನ ಮೇಲೆ ಬಂದು ಬಿದ್ದವು. ಅತ್ತಿಗೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಅಣ್ಣನೂ ಹಿಂದೆಯೇ ಹೋದ. ಜನ ತೃಪ್ತಿಯಿಂದ ಚದುರಿತು.

ಲೆಕ್ಕದವಳು ಮಧ್ಯಾಹ್ನ ಬಂದಳು. ಹಾದುಹೋಗುತ್ತಿದ್ದ ಲಾಂಚಿನಿಂದ ಅವಳನ್ನು ಸಣ್ಣ ದೋಣಿಗೆ ಇಳಿಸಿಕೊಂಡು ದಡಕ್ಕೆ ತಂದಾಗ, ಪಾಪದ ಹುಡುಗಿಯ ಮುಖ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಮನೆ ಮನೆ ಹತ್ತಿ ಇಳಿದು, ಕೊನೆಗೆ ಊರಿಡೀ ಹಿಂಬಾಲಿಸುತ್ತಿದ್ದಂತೆ ಚಿಕ್ಕಪ್ಪನ ಅರ್ಧ ಮನೆಗೆ ಬಂದಳು. ಮೂರು ಕಲ್ಲಿನ ಒಲೆಯಿಂದ ಹೊಗೆ ಮಾತ್ರ ಏಳುತ್ತಿತ್ತು. ಅದರ ಮೇಲೊಂದು ಪಾತ್ರೆ.

"ಏನು ಬೇಯ್ತಾ ಇದೆ?" ಎಂದು ಮುಚ್ಚಳ ಎತ್ತಿದಳು.

ಒಲೆ ಹೊತ್ತಿಸುವ ಗಡಿಬಿಡಿಯಲ್ಲಿ ಪಾತ್ರೆಗೆ ಏನಾದರೂ ಹಾಕಬೇಕೆಂದು ಕೈಗೆ ಸಿಕ್ಕಿದ್ದನ್ನು ಹಾಕಿದ್ದ. ಬಲೆಗೆ ಕಟ್ಟುವ ಬೆಂಡುಗಳು ಬಿಸಿನೀರಿನಲ್ಲಿ ನೆಮ್ಮದಿಯಾಗಿ ತೇಲುತ್ತಿದ್ದವು.

"ಅಡುಗೆ ಬರಲ್ಲಮ್ಮ ನನಗೆ," ಎಂದ ಚಿಕ್ಕಪ್ಪ. ಕಣ್ಣಲ್ಲಿ ನೀರಿತ್ತು. ಹೊಗೆಯದ್ದು ಎಂದುಕೊಳ್ಳಬಹುದಾಗಿತ್ತು.

ಅವಳಿಗೆ ಕನಿಕರವಾಯಿತು. "ನಿಜವಾಗ್ಲೂ ಬೇರೆ ಆಗಿದ್ದೀರಾ?"

"ನಿಜ! ನಿಜ!" ಎಂದಿತು ಊರು. "ಕಣ್ಣಾರೆ ಕಂಡಿದ್ದೀವಿ!" ಇಮಾಮರು ಸಹ ನಿರ್ಮಲವಾದ ಮನಸ್ಸಿನಿಂದ ತಲೆಯಾಡಿಸಿದರು.

ಅವಳು ಕೂಡಿದಳು. "ನೂರು," ಎಂದಳು.

ಕ್ಯಾಪ್ಟನ್ ದರ್ಜಿಯನ್ನು ತಬ್ಬಿಕೊಂಡ. ಯಾರೋ ಚಿಕ್ಕಪ್ಪನ ಬೆನ್ನು ತಟ್ಟಿದರು.

"ಅಯ್ಯೋ ಪಾಪ," ಎಂದಳು ಹುಡುಗಿ.

"ಯಾಕಮ್ಮ ಪಾಪ?"

"ಈ ಸಲದ ಜೆಟ್ಟಿ ಸಣ್ಣ ಊರುಗಳಿಗೆ ಮಾತ್ರ. ನೂರಕ್ಕಿಂತ ಕಡಿಮೆ ಮನೆ ಇರ್ಬೇಕು. ದೊಡ್ಡ ಊರುಗಳಿಗೆಲ್ಲ ಹಿಂದೆಯೇ ಕೊಟ್ಟಾಗಿದೆಯಲ್ಲ. ನಿಮ್ಮದು ಒಂದೇ ಒಂದು ಮನೆ ಜಾಸ್ತಿ ಆಗ್ಹೋಯ್ತು."

ಕ್ಯಾಪ್ಟನ್ ದರ್ಜಿಯ ಕೊರಳಿನಿಂದ ಕೈ ತೆಗೆದ. ಅವನ ಕಣ್ಣು ಊರನ್ನೆಲ್ಲ ಸುತ್ತಿ ಬಂದು, ತನ್ನೊಬ್ಬನನ್ನು ಬಿಟ್ಟು, ಚಿಕ್ಕಪ್ಪನ ಮೇಲೆ ನಿಂತಿತು.

"ಇಷ್ಟು ವರ್ಷ ಒಟ್ಟಿಗಿದ್ದವನು," ಎಂದ ಗದ್ಗದಿತನಾಗಿ, "ಇವತ್ತೇ ಪಾಲಾಗ್ಬೇಕಿತ್ತೇನೋ ನಿನಗೆ?"

"ಸ್ವಾರ್ಥ," ಎಂದ ದರ್ಜಿ.

"ಒಂದು ಉಪ್ಪಿನ ವಿಷಯಕ್ಕೆ!" ಎಂದಳು ಮೊಟ್ಟೆ ಅಜ್ಜಿ.

ಆಮೇಲೆ ಎಲ್ಲರೂ ಹುಡುಗಿಯ ಸುತ್ತ ನೆರೆದರು. ಅವಳೇನೂ ಕಲ್ಲುಮನಸ್ಸಿನವಳಲ್ಲ. "ಗೆರೆಯ ಎರಡೂ ಕಡೆಯವರು ಒಂದೇ ಒಲೆ ಅಂತ ಹೇಳಲಿ, ತಿದ್ದಿಬಿಡ್ತೀನಿ. ಆದರೆ ಅವರೇ ಹೇಳ್ಬೇಕು. ನೀವ್ಯಾರೂ ಬಾಯಿ ಬಿಡ್ಬಾರ್ದು," ಎಂದಳು.

"ಒಂದೇ ಒಲೆ!" ಎಂದ ಚಿಕ್ಕಪ್ಪ. ದಿನವಿಡೀ ಅವನು ಅಷ್ಟು ಗಟ್ಟಿಯಾಗಿ ಏನನ್ನೂ ಹೇಳಿರಲಿಲ್ಲ. "ಒಂದೇ ಒಲೆ ಅಮ್ಮ. ನನಗೆ ಬೇರೆ ಮನೆ ಇಲ್ಲ."

ಹುಡುಗಿ ಒಳಕೋಣೆಯ ಬಾಗಿಲು ತಟ್ಟಿದಳು. ಅತ್ತಿಗೆ ಹೊರಬಂದಳು, ಹಿಂದೆ ಅಣ್ಣ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಬೆಳಗಿನಿಂದ ಬಾಗಿಲ ಹಿಂದೆಯೇ ಇದ್ದವರಿಗೆ ಹೊರಗಿನ ಗಾಳಿ ತಿರುಗಿದ್ದು ತಿಳಿದಿರಲಿಲ್ಲ.

"ಇವರು ಒಂದೇ ಒಲೆ ಅಂತಿದ್ದಾರೆ. ಹೌದಾ?"

ಹುಡುಗಿಯ ಬೆನ್ನ ಹಿಂದೆ ಇಡೀ ಊರು ಕಣ್ಣರಳಿಸಿ, ಕತ್ತು ಕುಣಿಸಿ, ಕೈ ಮುಗಿದು ನಿಂತಿತ್ತು. ಕ್ಯಾಪ್ಟನ್ ಎರಡೂ ಕೈಗಳ ತೋರುಬೆರಳನ್ನು ಸೇರಿಸಿ ತೋರಿಸಿದ. ಒಂದಾಗಿ ಎಂದು ಅವನ ಭಾವ. ಅತ್ತಿಗೆಗೆ ಕಂಡದ್ದು ಎರಡು ಬೆರಳು.

"ಸುಳ್ಳು ಹೇಳ್ತಿದ್ದಾನೆ ತಾಯಿ," ಎಂದಳು. "ಅಲ್ಲಾಹ್ ಸಾಕ್ಷಿ, ಎರಡು ಒಲೆ. ನಮ್ಮದು ಉಪ್ಪಿಲ್ಲದ ಒಲೆ, ಅವನಿಗೆ ಅದು ಸೇರಲ್ಲ." ಜೆಟ್ಟಿ ಬರಲೆಂದು ಹೇಳಿದಳೋ, ಉಪ್ಪಿನ ನೋವಿಗೆ ಹೇಳಿದಳೋ, ಅವಳಿಗೇ ತಿಳಿದಿರಲಾರದು. ಹುಡುಗಿ ಅಣ್ಣನ ಕಡೆ ನೋಡಿದಳು.

"ಹ್ಞೂಂ," ಎಂದ ಅಣ್ಣ. ಉದ್ದದ್ದು.

ಊರು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೂ ಹೇಳುವುದೇನು? ಅವಳು ಹೇಳಿದ್ದು ಎಲ್ಲರೂ ಕಣ್ಣಾರೆ ಕಂಡ ಸತ್ಯ. ಲಾಂಚು ಹೊತ್ತಿಗೆ ಸರಿಯಾಗಿ ಬಂದು, ನಡುನೀರಿನಲ್ಲಿ ಹುಡುಗಿಯನ್ನು ಹತ್ತಿಸಿಕೊಂಡು, ಹಾರ್ನ್ ಹೊಡೆದು ಹೋಯಿತು. ಮುಂದಿನ ಎಣಿಕೆ ಇನ್ನು ಹತ್ತು ವರ್ಷಕ್ಕಂತೆ.

ಸಂಜೆಯ ನಮಾಜಿಗೆ ಚಿಕ್ಕಪ್ಪನ ಪಕ್ಕ ಯಾರೂ ನಿಲ್ಲಲಿಲ್ಲ. ಹೊರಗೆ ಬಂದರೆ ಉಳಿದಿದ್ದ ಒಂದು ಚಪ್ಪಲಿಯೂ ಇರಲಿಲ್ಲ. ಬರಿಗಾಲಲ್ಲಿ ಮನೆಗೆ ಬಂದು, ಕಂಬದ ತನ್ನ ಅರ್ಧಕ್ಕೆ ಒರಗಿ ಕೂತ. ಗೆರೆ ಒರೆಸೋಣವೆಂದು ಕೈ ಚಾಚಿದ. ಯಾರನ್ನು ಕೇಳಿ ಒರೆಸುವುದೆಂದು ತಿಳಿಯದೆ ಕೈ ಹಿಂದಕ್ಕೆ ಬಂತು. ಆಚೆ ಬದಿಯಲ್ಲಿ ಅಣ್ಣ ದೀಪದ ಕೆಳಗೆ ಬಲೆ ಹರಡಿಕೊಂಡು ಗಂಟು ಬಿಚ್ಚಿ ಕಟ್ಟುತ್ತಿದ್ದ. ಇನ್ನು ಸಮುದ್ರಕ್ಕೆ ಹೋಗಿ ಗುಟ್ಟಾಗಿ ಮಾಡುವ ಅಗತ್ಯವಿರಲಿಲ್ಲ. ಊರಿನ ನೂರನೆಯ ಒಲೆ ಆಗಲೇ ಆರಿಹೋಗಿತ್ತು.

ಅಷ್ಟರಲ್ಲಿ ನೆಲದ ಮೇಲೆ ಏನೋ ಸರಿದ ಸದ್ದಾಯಿತು. ಒಂದು ತಟ್ಟೆ ನಿಧಾನವಾಗಿ ಗೆರೆ ದಾಟಿ ಬಂದು ಅವನ ಮೊಣಕಾಲಿಗೆ ತಾಗಿ ನಿಂತಿತು. ಅನ್ನ, ಮೀನಿನ ಸಾರು. ತಳ್ಳಿದ ಕೈ ಬಾಗಿಲ ಮರೆಗೆ ಸರಿಯಿತು.

ಚಿಕ್ಕಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ದೊಡ್ಡದೊಂದು ತುತ್ತು ಮಾಡಿ ಬಾಯಿಗಿಟ್ಟ.

ಸಮುದ್ರಕ್ಕೆ ಸಮುದ್ರವೇ ಬಾಯೊಳಗೆ ನುಗ್ಗಿದ ಹಾಗಾಯಿತು. ನಾಲಿಗೆ ಸುರುಟಿಕೊಂಡಿತು, ಕಿವಿಯಲ್ಲಿ ಗುಂಯ್ ಎಂದಿತು.

"ಉಪ್ಪು ಸರಿಯಾಗಿದೆಯಾ?" ಎಂದಿತು ಬಾಗಿಲ ಮರೆಯ ಧ್ವನಿ.

ಚಿಕ್ಕಪ್ಪ ಬಾಯಿ ತೆರೆದ. ಬೆಳಿಗ್ಗೆ ನಿಜ ಹೇಳಿದ್ದರ ಫಲ ಕಾಲ ಬಳಿಯೇ ಗೆರೆಯಾಗಿ ಬೆಳ್ಳಗೆ, ನೆಟ್ಟಗೆ ಮಲಗಿತ್ತು. ತುತ್ತನ್ನು ನುಂಗಿದ.

"ಸರಿಯಾಗಿದೆ ಅತ್ತಿಗೆ."

ಬಾಗಿಲ ಮರೆಯಲ್ಲಿ ಮೂಗು ಒರೆಸಿಕೊಂಡ ಸದ್ದು.

"ಹಾಗಾದ್ರೆ ಇನ್ಮೇಲೆ ದಿನಾ ಇಷ್ಟೇ ಹಾಕ್ತೀನಿ."