ಕಾಯ್ತಾನ್ ಪೊರ್ಬುಗಳ ಉಪವಾಸ

ಕಾಯ್ತಾನ್ ಪೊರ್ಬುಗಳ ಕಷ್ಟಕ್ಕೆಲ್ಲ ಕಾರಣ ಅವರು ಆಡಿದ ಒಂದು ಮಾತು. ಕ್ರೈಸ್ತರು ನಲವತ್ತು ದಿನ ಉಪವಾಸ ಹಿಡಿಯುವ ತಪಸ್ಸಿನ ಕಾಲದ ಮೊದಲ ವಾರ, ನೆರೆಮನೆಯ ಎಸ್ತೆರ್ ಬಾಯಿ ಬೇಲಿಯಾಚೆಯಿಂದ, ದಾರಿಯಲ್ಲಿ ಕಂಡವರನ್ನೆಲ್ಲ ಕೇಳುವ ಹಾಗೆ, "ಊಟ ಆಯಿತಾ?" ಎಂದು ಕೇಳಿದ್ದಳು. ಆಗಿರಲಿಲ್ಲ. ಯುದ್ಧದ ದೆಸೆಯಿಂದ ಹಂಚಿನ ಕಾರ್ಖಾನೆ ಬಾಗಿಲು ಹಾಕಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಪೊರ್ಬುಗಳು ಮನೆಯಲ್ಲಿ ಕುಳಿತು ತಿಂಗಳುಗಳಾಗಿದ್ದವು. ಬರ್ಮಾದ ಅಕ್ಕಿಯೂ ನಿಂತುಹೋಗಿತ್ತು. ಆದರೆ ಭಾನುವಾರ ಇಸ್ತ್ರಿ ಕೋಟು ಹಾಕಿ ಇಗರ್ಜಿಗೆ ಹೋಗುವ ಮನುಷ್ಯ ಬೇಲಿಯ ಮೇಲೆ ಇದನ್ನೆಲ್ಲ ಹೇಳುವುದು ಹೇಗೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. "ಇಲ್ಲ ಬಾಯೀ, ತಪಸ್ಸಿನ ಕಾಲ ಅಲ್ಲವಾ" ಎಂದುಬಿಟ್ಟರು.

ಎಸ್ತೆರ್ ಬಾಯಿಯ ಕಿವಿಗೆ ಬಿದ್ದದ್ದು ಡಂಗುರ ಸಾರಿದ್ದಕ್ಕಿಂತ ಬೇಗ ಕಂಕನಾಡಿ ಊರೆಲ್ಲ ಸುತ್ತುತ್ತದೆ. ಭಾನುವಾರ ಇಗರ್ಜಿಯ ಪಾದ್ರಿ ವಿಗಾರರೇ ಪ್ರಸಂಗದಲ್ಲಿ, "ಯೇಸುಸ್ವಾಮಿ ಮರುಭೂಮಿಯಲ್ಲಿ ಉಪವಾಸವಿದ್ದರು. ನಮ್ಮ ನಡುವೆಯೂ ಹಾಗೆ ಒಬ್ಬರಿದ್ದಾರೆ" ಎಂದರು. ಜನರೆಲ್ಲ ತಿರುಗಿ ನೋಡಿದರು. ಕೋಟಿನೊಳಗೆ ಪೊರ್ಬುಗಳು ಇನ್ನಷ್ಟು ಸಣ್ಣಗಾದರು. ಅಂದಿನಿಂದ ಅವರಿಗೆ ಯಾರೂ ಒಂದು ಲೋಟ ಗಂಜಿತಿಳಿಯನ್ನೂ ಕೊಡಲಿಲ್ಲ. ಪುಣ್ಯಾತ್ಮನ ವ್ರತ ಕೆಡಿಸಿದ ಪಾಪ ಯಾರಿಗೆ ಬೇಕು?

ಆ ಇಗರ್ಜಿಯಲ್ಲಿ ಒಂದು ಪದ್ಧತಿ ಇತ್ತು. ತಪಸ್ಸಿನ ಕಾಲದಲ್ಲಿ ಅನ್ನಕ್ಕೆ ಅಕ್ಕಿ ತೊಳೆಯುವಾಗ ಪ್ರತಿ ಮನೆಯವರೂ ಬಡವರಿಗೆಂದು ಒಂದು ಮುಷ್ಟಿ ತೆಗೆದಿಡುವುದು. ಆ ಕಾಲದ ಕೊನೆಯಲ್ಲಿ, ಗರಿಗಳ ಭಾನುವಾರದ ಹಿಂದಿನ ಶುಕ್ರವಾರ, ಅದನ್ನು ಕೂಡಿಸಿ ಹಂಚುವುದು. ಪ್ರಸಂಗದಲ್ಲಿ ಹೊಗಳಿಸಿಕೊಂಡವರು ಮುಷ್ಟಿ ಅಕ್ಕಿ ಕೊಡದಿದ್ದರೆ ಆಗುತ್ತದೆಯೇ? ಡಬ್ಬಿಯ ತಳದಲ್ಲಿದ್ದುದನ್ನೂ ಪೊರ್ಬುಗಳು ಮಾನಕ್ಕಾಗಿ ಒಪ್ಪಿಸಿದ್ದರು.

ಹಂಚುವ ಶುಕ್ರವಾರ ಬಂತು. ಬೆಳಿಗ್ಗೆ ಹೆಂಡತಿ ಸೆರಪಿನ್ ಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಪಾದ್ರಾಬರ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿ. ನಿಮ್ಮ ಮಾನವನ್ನು ಬೇಯಿಸಿ ಬಡಿಸಲಿಕ್ಕೆ ನನಗೆ ಬರುವುದಿಲ್ಲ."

"ಕೇಳ್ತೇನೆ."

"ಬರಿಗೈಯಲ್ಲಿ ಬಂದರೆ ನಾನೇ ಹೋಗಿ ಇಗರ್ಜಿಯ ಮೆಟ್ಟಿಲಲ್ಲಿ ಕೂತು ಕೈ ಚಾಚ್ತೇನೆ. ಎಲ್ಲರೂ ನೋಡಲಿ."

ಹಸಿವಿಗಿಂತ ಆ ಮಾತಿಗೇ ಪೊರ್ಬುಗಳು ಹೆಚ್ಚು ಹೆದರಿದರು. ಅವರು ಕೋಟು ಹಾಕಿಕೊಂಡು ಹೊರಟರು.

ಓಣಿಯಲ್ಲಿ ಎಸ್ತೆರ್ ಬಾಯಿ ತಟ್ಟೆ ಹಿಡಿದು ಎದುರಾದಳು. ಹುರಿದ ಬೂತಾಯಿ ಮೀನು. ಶುಕ್ರವಾರ ಮಾಂಸ ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ.

"ತಗೊಳ್ಳಿ ಪೊರ್ಬುಗಳೇ, ಈಗಷ್ಟೇ ಹುರಿದದ್ದು" ಎಂದು ಅಭ್ಯಾಸಬಲದಿಂದ ಮುಂದೆ ಚಾಚಿದಳು. ಪೊರ್ಬುಗಳ ಕೈ ಅವರನ್ನು ಕೇಳದೆಯೇ ಮುಂದೆ ಹೋಯಿತು. ಅಷ್ಟರಲ್ಲಿ ಅವಳು ತಟ್ಟೆಯನ್ನು ಸೆರಗಿನಡಿ ಸೇರಿಸಿದಳು. "ಅಯ್ಯೋ, ನನ್ನ ಬುದ್ಧಿಗೆ ಎಂತ ಆಗಿದೆ. ನಿಮಗೆ ಸೈತಾನನಂತೆ ಶೋಧನೆ ಒಡ್ಡಿದ ಹಾಗಾಯಿತು, ಕ್ಷಮಿಸಿ."

"ಪರವಾಗಿಲ್ಲ ಬಾಯೀ, ಒಂದೇ ಒಂದು..."

"ಬೇಡ, ನನ್ನನ್ನು ಸಮಾಧಾನ ಮಾಡಲಿಕ್ಕೆ ನಿಮ್ಮ ವ್ರತ ಮುರಿಯಬೇಡಿ" ಎಂದು ಅವಳು ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಓಡಿದಳು. ಪೊರ್ಬುಗಳಿಗೆ ಪರಿಮಳ ಮಾತ್ರ ಉಳಿಯಿತು.

ಮುಂದೆ ಗುರುವಪ್ಪನ ಚಾದಂಗಡಿ. ದಾರಿಯಲ್ಲಿ ಹೋಗುವಾಗ ಕರೆದು ಒಂದು ಹಿಡಿ ಅವಲಕ್ಕಿ ಕೊಡುವುದು ಗುರುವಪ್ಪನ ಹಳೆಯ ವಾಡಿಕೆ. ಅವನಿಗೆ ಇಗರ್ಜಿಯ ಸುದ್ದಿ ತಿಳಿದಿರಲಿಕ್ಕಿಲ್ಲ ಎಂದು ಪೊರ್ಬುಗಳು ಬೇಕೆಂದೇ ನಿಧಾನವಾಗಿ ನಡೆದರು. ಗುರುವಪ್ಪ ಎದ್ದು ಕೈಮುಗಿದ.

"ಗುರ್ಕಾರ್ ಒಸ್ವಾಲ್ಡರು ಎಲ್ಲ ಹೇಳಿದ್ದಾರೆ. ನಮ್ಮಲ್ಲಿ ಭೂತಕೋಲ ಕಟ್ಟುವವರೂ ಇಷ್ಟು ದಿನ ವ್ರತ ಹಿಡಿಯುವುದಿಲ್ಲ. ನೀವು ಇಲ್ಲಿ ನಿಲ್ಲಬೇಡಿ ಮಾರಾಯ್ರೆ, ಎಣ್ಣೆಯ ವಾಸನೆ ಉಂಟು."

ಗುರ್ಕಾರ್ ಎಂದರೆ ಇಗರ್ಜಿಯ ಕಡೆಯಿಂದ ಕೇರಿಗೊಬ್ಬ ಮುಖ್ಯಸ್ಥ. ಒಸ್ವಾಲ್ಡ್ ಅಂತೂ ಊರಿನ ಉಸಾಬರಿಯನ್ನೆಲ್ಲ ತನ್ನ ದೊಡ್ಡ ಹೊಟ್ಟೆಯ ಮೇಲೆ ಹೊತ್ತು ತಿರುಗುವ ಮನುಷ್ಯ. ಪೊರ್ಬುಗಳು ಅವನನ್ನು ಮನಸ್ಸಿನಲ್ಲೇ ಶಪಿಸಿದರು. ತಪಸ್ಸಿನ ಕಾಲವಾದ್ದರಿಂದ ಕೂಡಲೇ ಕ್ಷಮೆಯನ್ನೂ ಬೇಡಿದರು.

ಇಗರ್ಜಿಯ ಪಕ್ಕದ ಮನೆಯಲ್ಲಿ ವಿಗಾರರು ಊಟಕ್ಕೆ ಕುಳಿತಿದ್ದರು. ಬಂಗುಡೆ ಮೀನಿನ ಸಾರು, ಕುಚ್ಚಲಕ್ಕಿ ಅನ್ನ. ಪೊರ್ಬುಗಳನ್ನು ಕಂಡದ್ದೇ ಅವರ ಮುಖ ಕೆಂಪಾಯಿತು.

"ಬೋಜಾ, ಇದನ್ನೆಲ್ಲ ತೆಗೆ" ಎಂದು ಕುಸಿನಿಯವನನ್ನು ಕರೆದರು. "ಇವರ ಮುಂದೆ ಅನ್ನ ಕಲಸಲಿಕ್ಕೆ ನನಗೆ ನಾಚಿಕೆಯಾಗ್ತದೆ."

ಬಟ್ಟಲುಗಳು ಒಂದೊಂದಾಗಿ ಒಳಗೆ ಹೋದವು. ಪೊರ್ಬುಗಳು ಗಟ್ಟಿ ಮನಸ್ಸು ಮಾಡಿದರು.

"ಪಾದ್ರಾಬ್, ನನಗೆ ಹಸಿವಾಗ್ತದೆ."

ವಿಗಾರರ ಕಣ್ಣು ತುಂಬಿ ಬಂತು. "ಯೇಸುಸ್ವಾಮಿಗೂ ಹಸಿವಾಗಿತ್ತು ಕಾಯ್ತಾನ್. ಅದನ್ನು ಒಪ್ಪಿಕೊಳ್ಳುವ ವಿನಯ ಎಷ್ಟು ಜನರಿಗೆ ಉಂಟು?"

"ಹಾಗಲ್ಲ ಪಾದ್ರಾಬ್. ಆ ಮುಷ್ಟಿ ಅಕ್ಕಿಯ ವಿಷಯ..."

"ಹೇಳಬೇಡಿ. ನಾನೇ ಯೋಚಿಸಿದ್ದೇನೆ. ಸಂಜೆ ಇಗರ್ಜಿಗೆ ಬನ್ನಿ, ಅಕ್ಕಿ ನಿಮ್ಮ ಮನೆಗೇ ಬರ್ತದೆ."

ಪೊರ್ಬುಗಳಿಗೆ ಕಾಲೇ ನೆಲದ ಮೇಲೆ ನಿಲ್ಲಲಿಲ್ಲ. ಬಾಯಿಬಿಟ್ಟು ಬೇಡುವ ಮೊದಲೇ ತಿಳಿದುಕೊಂಡ ಆ ದೊಡ್ಡ ಮನಸ್ಸಿಗೆ ಮನೆಯವರೆಗೂ ವಂದಿಸುತ್ತ ಬಂದು ಹೆಂಡತಿಗೆ ಹೇಳಿದರು. ಸೆರಪಿನ್ ಬಾಯಿ ಎಷ್ಟೋ ದಿನಗಳ ಮೇಲೆ ನಕ್ಕಳು. ಪಾತ್ರೆ ತಿಕ್ಕಿಟ್ಟಳು.

ಸಂಜೆ ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಯಿತು. ಪ್ರತಿ ಸ್ಥಳದಲ್ಲಿ ಮೊಣಕಾಲೂರಿ ಏಳುವಾಗಲೂ ಪೊರ್ಬುಗಳು ಬೆಂಚು ಹಿಡಿಯಬೇಕಾಯಿತು. ಜನ ಅದನ್ನೂ ಭಕ್ತಿಯೆಂದೇ ತಿಳಿದರು. ಕೊನೆಗೆ ವಿಗಾರರು ಜನರ ಕಡೆ ತಿರುಗಿದರು.

"ಈ ವರ್ಷ ಅಕ್ಕಿಯನ್ನು ಇವತ್ತು ಹಂಚುವುದಿಲ್ಲ. ಬರಗಾಲ ಇನ್ನೂ ಮುಂದೆ ಉಂಟು. ಮಳೆಗಾಲದ ನಡುವೆ, ಆಟಿ ತಿಂಗಳಲ್ಲಿ ಕೆಲಸವಿಲ್ಲದೆ ಬಡವರು ಒದ್ದಾಡುವಾಗ ಕೊಡುವ. ಅಲ್ಲಿಯವರೆಗೆ ಜೋಪಾನ ಮಾಡಬೇಕು. ಹೋದ ವರ್ಷ ಗುರ್ಕಾರರ ಮನೆಯಲ್ಲಿ ಇಟ್ಟದ್ದನ್ನು ಹೆಗ್ಗಣ ತಿಂದಿತು."

ಆ ಹೆಗ್ಗಣಕ್ಕೆ ಎರಡೇ ಕಾಲು ಎಂದು ಎಲ್ಲರಿಗೂ ಗೊತ್ತಿತ್ತು. ಒಸ್ವಾಲ್ಡ್ ತಲೆಯೆತ್ತಿ ಮಾಡಿನ ಹಂಚು ನೋಡಿದ.

"ಅನ್ನದ ಆಸೆಯನ್ನೇ ಗೆದ್ದವರ ಮನೆಗಿಂತ ಭದ್ರವಾದ ಜಾಗ ಯಾವುದು? ಅಕ್ಕಿ ಕಾಯ್ತಾನರ ಮನೆಯಲ್ಲಿ ಇರಲಿ."

ಪೊರ್ಬುಗಳು ಬಾಯಿ ತೆರೆದರು. ಆದರೆ ಇಗರ್ಜಿ ತುಂಬ ಜನ ಅವರನ್ನು ಸಂತನನ್ನು ನೋಡುವಂತೆ ನೋಡುತ್ತಿದ್ದರು. ತೆರೆದ ಬಾಯಿಯಿಂದ, "ಆಮೆನ್" ಎಂಬುದೊಂದೇ ಹೊರಟಿತು.

ಅಕ್ಕಿ ಮುಡಿಗಳು ಆಳುಗಳ ತಲೆಯ ಮೇಲೆ ಮನೆಗೆ ಬಂದವು. ದೂರದಿಂದಲೇ ಕಂಡ ಸೆರಪಿನ್ ಬಾಯಿ ಒಲೆ ಹಚ್ಚಿ ಎಸರಿಟ್ಟಳು. ಜೊತೆಗೆ ಬಂದ ಒಸ್ವಾಲ್ಡ್ ಪ್ರತಿ ಮುಡಿಯ ಬೈಹುಲ್ಲಿನ ಕಟ್ಟಿಗೂ ಅರಗಿನ ಮುದ್ರೆ ಒತ್ತಿಸಿದ. ಬಳಿಕ ಮೂಗರಳಿಸಿ ಅಡುಗೆಮನೆಗೆ ಇಣುಕಿದ.

"ಬಾಯೀ, ವ್ರತದ ಮನೆಯಲ್ಲಿ ಈಗ ಎಂತದಕ್ಕೆ ಎಸರು? ನನಗೆ ಸಂಶಯ ಇಲ್ಲ. ಆದರೆ ಊರಿನ ಬಾಯಿ ಉಂಟಲ್ಲ. ದಿನಾ ಬಂದು ಮುದ್ರೆ ನೋಡಿ ಹೋಗ್ತೇನೆ."

ಅವನು ಹೋದ ಮೇಲೆ ಸೆರಪಿನ್ ಬಾಯಿ ಕುದಿಯುವ ನೀರನ್ನು ಒಲೆಗೇ ಸುರಿದಳು.

ಅಂಗಳದಲ್ಲಿ ಯಾರೋ ಕರೆದರು. ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ ದೇಯಿ. ಅವಳಿಗೂ ಕೆಲಸ ಹೋಗಿತ್ತು.

"ಪೊರ್ಬುಗಳೇ, ಅಕ್ಕಿ ಎಲ್ಲ ನಿಮ್ಮಲ್ಲಿ ಉಂಟಂತೆ. ಒಂದು ಸೇರು ಕೊಡಿ. ನಿನ್ನೆಯಿಂದ ಎಂತದೂ ತಿನ್ನಲಿಲ್ಲ."

ಪೊರ್ಬುಗಳು ಬಾಗಿಲ ದಾರಂದ ಹಿಡಿದು ನಿಂತರು. "ಕೊಡಲಿಕ್ಕೆ ಆಗುವುದಿಲ್ಲ ದೇಯಿ. ಆಟಿಯಲ್ಲಿ ಬಾ."

ದೇಯಿ ಒಳಗಿನ ಮುಡಿಗಳನ್ನು ನೋಡಿದಳು. ಅವರ ಕೋಟನ್ನೂ ನೋಡಿದಳು.

"ಹೌದು, ಹೊಟ್ಟೆ ತುಂಬಿದವರಿಗೆ ಹಸಿದವರ ಸಂಕಟ ಎಂತ ಗೊತ್ತು" ಎಂದು ಅಂಗಳದಲ್ಲೇ ಉಗಿದು ಹೋದಳು.