ಐವತ್ತರ ಪುಟ್ಟನಿಗೆ ಇಂಜೆಕ್ಷನ್

ಹೆಂಡತಿಯ ಓದಿಗೆ ಇಂದೇ ಮಂಗಳ ಹಾಡಿ, ಅವಳನ್ನು ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿಯೇ ತೀರುವುದೆಂದು ಚಪ್ಪಲಿ ಅಂಗಡಿಯ ಯಜಮಾನರು ಹಲ್ಲುಜ್ಜುವಾಗಲೇ ತೀರ್ಮಾನಿಸಿಬಿಟ್ಟರು. ಆಕೆ ಮಕ್ಕಳ ಶುಶ್ರೂಷೆ ಕಲಿಯಲು ಸೇರಿದಾಗಿನಿಂದ ಅಂಗಡಿಯಲ್ಲಿ ಪಾದಸೇವೆಯೂ ಅವರದ್ದೇ, ಚಿಲ್ಲರೆ ಸೇವೆಯೂ ಅವರದ್ದೇ!

ಮರುದಿನ ಆಕೆಗೆ ಪರೀಕ್ಷೆ. ಹಟಮಾರಿ ಮಗುವನ್ನು ಇಂಜೆಕ್ಷನ್‌ಗೆ ಒಪ್ಪಿಸಿ ತೋರಿಸಬೇಕು. ಅಭ್ಯಾಸಕ್ಕೊಂದು ಮಗು ಬೇಕಿತ್ತು. ಯಜಮಾನರು ಎದೆ ಸೆಟೆಸಿ ತಾವೇ ಮಗುವಾದರು. ಪಂದ್ಯ ಇಷ್ಟೇ: ಮಗು ಒಪ್ಪಿದರೆ ಓದು, ಒಪ್ಪದಿದ್ದರೆ ಗಲ್ಲಾ.

ಆಕೆ ಸೂಜಿಯಿಲ್ಲದ ಸಿರಿಂಜು ಹಿಡಿದು, “ಏನೂ ನೋವಾಗಲ್ಲ ಪುಟ್ಟಾ,” ಎಂದಳು.

“ಸುಳ್ಳು,” ಎಂದಿತು ಐವತ್ತರ ಪುಟ್ಟ. ನೆಲದ ಮೇಲೆ ಉರುಳಾಡಿತು. ದಿಂಬು ಎಸೆಯಿತು. ಮಿಠಾಯಿಯ ಆಸೆ ತೋರಿಸಿದರೆ ಚೌಕಾಸಿ ಮಾಡಿ ಎರಡು ಕಿತ್ತುಕೊಂಡು, ಎರಡನ್ನೂ ನುಂಗಿ, ತೋಳು ಮಾತ್ರ ಕೊಡಲಿಲ್ಲ. ಕೊನೆಗೆ ಗೆಲುವನ್ನು ಭದ್ರಪಡಿಸಿಕೊಳ್ಳಲು ಮಂಚದಡಿ ನುಗ್ಗಿತು. ಅರ್ಧ ಮಾತ್ರ ನುಗ್ಗಿತು. ಮಿಕ್ಕರ್ಧಕ್ಕೆ ಹೊಟ್ಟೆಯ ತಕರಾರು. ಹಿಂದೆ ಸರಿದರೆ ಬೆನ್ನು ಉಜ್ಜುತ್ತಿತ್ತು, ಮುಂದೆ ಸರಿದರೆ ಉಸಿರು ಕಟ್ಟುತ್ತಿತ್ತು. ಈಗ ಬಂದ ಅಳುವಿನಲ್ಲಿ ನಟನೆಯ ಕಲಬೆರಕೆ ಇರಲಿಲ್ಲ.

ಗಲಾಟೆ ಕೇಳಿ ಬಂದ ಯಜಮಾನರ ತಾಯಿ ಹೊರಗುಳಿದಿದ್ದ ಕಾಲುಗಳನ್ನು ನೋಡಿದರು. “ಚಿಕ್ಕವನಿದ್ದಾಗಲೂ ಹೀಗೇ ಕಣಮ್ಮಾ. ಎರಡು ಬಿಟ್ರೆ ದಾರಿಗೆ ಬರ್ತಾನೆ,” ಎನ್ನುತ್ತ ಪೊರಕೆ ಹುಡುಕತೊಡಗಿದರು.

ಹೆಂಡತಿಗೆ ಆಗ ಮೊದಲ ಪಾಠ ನೆನಪಾಯಿತು: ಮಗುವಿನ ಎತ್ತರಕ್ಕೆ ಇಳಿಯಬೇಕು, ಸುಳ್ಳು ಹೇಳಬಾರದು, ಆಯ್ಕೆ ಕೊಡಬೇಕು. ಮಂಚದ ಆಚೆ ಬದಿಗೆ ಹೋಗಿ, ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಮಗುವಿನ ಕಣ್ಣಲ್ಲಿ ಕಣ್ಣಿಟ್ಟಳು.

“ಪುಟ್ಟಾ, ಚುಚ್ಚಿದಾಗ ಚುರ್ ಅನ್ನುತ್ತೆ, ಆಮೇಲೆ ಹೋಗುತ್ತೆ. ಎಡಗೈಗೆ ಕೊಡಲಾ, ಬಲಗೈಗೆ ಕೊಡಲಾ?”

“ಎಡಗೈಗೆ,” ಎಂದ ಮಗು ತಕ್ಷಣ ನಾಲಿಗೆ ಕಚ್ಚಿಕೊಂಡಿತು. ‘ಕಪ್ಪು ಕೊಡಲಾ, ಕಂದು ಕೊಡಲಾ’ ಎಂದು ಕೇಳಿಯೇ ಏನೂ ಕೊಳ್ಳದೆ ಹೊರಟವರಿಗೆಲ್ಲ ಚಪ್ಪಲಿ ತೊಡಿಸಿದ ಮಹಾನುಭಾವರು ಇಂದು ತಮ್ಮದೇ ಸರಕಿಗೆ ಗಿರಾಕಿಯಾಗಿದ್ದರು!

“ಅಲ್ಲಿಗೆ ಒಪ್ಪಿದ ಹಾಗಾಯ್ತು,” ಎಂದಳು ಹೆಂಡತಿ, ಮಲಗಿದಲ್ಲಿಂದಲೇ. “ಈಗ ಹೇಳಿ. ‘ನೀನು ಓದು’ ಅನ್ನೋ ಮಾತನ್ನ ಮಂಚ ಎತ್ತೋಕೆ ಮುಂಚೆ ಹೇಳ್ತೀರೋ, ಎತ್ತಿದ ಮೇಲೆ ಹೇಳ್ತೀರೋ?”

ಯಜಮಾನರು ಯೋಚನೆಗೆ ಕಾಲಾವಕಾಶ ಕೇಳುವವರಿದ್ದರು. ಅಷ್ಟರಲ್ಲಿ ಕಾಲುಗಳ ಕಡೆಯಿಂದ ತಾಯಿಯ ದನಿ ಕೇಳಿಸಿತು: “ಸಿಕ್ತು ಪೊರಕೆ.”

“ಮುಂಚೆ,” ಎಂದರು ಯಜಮಾನರು.