ಉಚಿತ ಗ್ರಂಥಾಲಯದ ಬೀಗ ಹಾಕಿದ ಬೀರುವಿಗೆ

ಮಾನ್ಯ ಬೀರುವಿನವರೇ,

ಕೊಟ್ಟೂರು ಬಸವೇಶ್ವರನ ದಯೆಯಿಂದ ತಾವು ತುಕ್ಕು ಹಿಡಿಯದೆ, ಇಲಿಗೆ ಅಂಜದೆ, ಸುಖವಾಗಿ ನಿಂತಿರುವಿರೆಂದು ನಂಬಿ, ಕೆಳಗೇರಿಯ ದುರುಗಮ್ಮ ಬೇಡಿಕೊಳ್ಳುವುದೇನೆಂದರೆ:

ಕೂಡ್ಲಿಗಿಯಿಂದ ಹಡಗಲಿತನಕ ಈಗ ಊರೂರಿಗೂ ಉಚಿತ ಗ್ರಂಥಾಲಯ ಬರುತ್ತಿರುವುದು ಬಲು ಸಂತೋಷದ ಸಂಗತಿ. ಹೋದ ವರ್ಷ ತಾವು ನಮ್ಮೂರಿಗೆ ಲಾರಿಯಲ್ಲಿ ಬಂದಿಳಿದಾಗ ಆರತಿ ಎತ್ತಿದವಳು ನಾನೇ. ತಾವು ದೊಡ್ಡವರು, ಮರೆತಿರಬಹುದು.

ತಮ್ಮ ಹೊಟ್ಟೆಯಿಂದ ಒಂದು ಕಾದಂಬರಿಯ ಮೊದಲ ಭಾಗ ತಂದು, ಸಂಜೆಹೊತ್ತು ನಮ್ಮ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆ ಓದಿ ಹೇಳಿದೆ. ನಾವು ಪುರಾಣ ಓದಲು ಹಚ್ಚುವ ಪದ್ಧತಿಯಂತೆ ಪುಸ್ತಕವನ್ನು ಮಣೆಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದೆವು. ಪಕ್ಕದ ಮನೆಯ ಫಕೀರಬಿ ತನ್ನ ಪಾಲಿನ ಮರ್ಯಾದೆಗೆ ಕಡಿಮೆಯಾಗಬಾರದೆಂದು ಲೋಬಾನದ ಹೊಗೆ ಹಾಕಿದಳು. ಕಾಯಿನೀರು ಒಂದಿಷ್ಟು ಸಿಡಿದದ್ದು ನಿಜ. ಕಥೆಯ ಹುಡುಗಿ ಸಿಟ್ಟಾಗಿ ರೈಲು ಹತ್ತುವಲ್ಲಿಗೆ ಮೊದಲ ಭಾಗ ಮುಗಿಯಿತು.

ಅದನ್ನು ಹಿಂದಿರುಗಿಸಿ ಎರಡನೆಯದನ್ನು ಕೇಳಿದರೆ, ತಮ್ಮ ಕೀಲಿ ಕಾಯುವ ಉಜ್ಜಿನಪ್ಪನವರು ರಟ್ಟಿನ ಮೇಲಿನ ಕುಂಕುಮ ಕಂಡು ಬೆವರಿಬಿಟ್ಟರು. ಕೆಡಿಸಿಲ್ಲ, ಪೂಜೆ ಮಾಡೀನಿ ಎಂದು ನಾನು ಹೇಳಿದ್ದಕ್ಕೆ, “ಪೂಜಿ ಮಾಡಾಕ ಇದೇನು ದೇವ್ರ ಪಟ ಏನಬೇ?” ಎಂದವರೇ ಬೀಗ ಜಡಿದರು. ಹೋದ ಆಯುಧಪೂಜೆಗೆ ಅವರೇ ಬಳಿದ ಕುಂಕುಮ ತಮ್ಮ ಕಬ್ಬಿಣದ ಹಣೆಯ ಮೇಲೆ ಇನ್ನೂ ಇತ್ತು.

ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಪುಸ್ತಕಗಳನ್ನು ಓದುವವರ ಕೈ ಸೋಕದಂತೆ, ಬಿಸಿಲು ಬೀಳದಂತೆ, ಮದುಮಗಳ ಹಾಗೆ ಕಾಪಾಡಿದ್ದೀರಿ. ಆದರೆ ಹಚ್ಚಿದ ಪುರಾಣವನ್ನು ಮಂಗಳ ಮಾಡದೆ ಬಿಡುವುದು ನಮ್ಮಲ್ಲಿ ಒಳ್ಳೆಯದಲ್ಲ. ಮೇಲಾಗಿ ಫಕೀರಬಿ ಬರುವ ಸೋಮವಾರ ಹರಪನಹಳ್ಳಿಯ ಮಗನ ಮನೆಗೆ ಇರಲಿಕ್ಕೇ ಹೋಗುವವಳು. ಮದುವೆಯಾಗಿ ಬಂದಾಗಿನಿಂದ ಒಂದೇ ಗೋಡೆಯ ಆಚೀಚೆ ಬಾಳಿದವರು ನಾವು. “ಆ ಹುಡುಗಿ ಎಲ್ಲಿ ಇಳದ್ಲು ಅಂತ ತಿಳೀದ ನಾ ಬಸ್ಸು ಹತ್ತಂಗಿಲ್ಲ ನೋಡಬೇ” ಎಂದು ಕಟ್ಟಿದ ಗಂಟು ಬಿಚ್ಚಿ ಕುಂತಿದ್ದಾಳೆ. ಅರ್ಧ ಕಥೆ ಕೊಟ್ಟು ಅವಳನ್ನು ಹೇಗೆ ಕಳಿಸಲಿ?

ಆದ್ದರಿಂದ ತಾವು ದಯಮಾಡಿ ತಾವಾಗಿಯೇ ಬಾಗಿಲು ತೆರೆಯಬೇಕು. ಅದಾಗದಿದ್ದರೆ ತಮ್ಮೊಳಗಿನ ಪುಸ್ತಕಗಳಿಗೆ ರೇಡಿಯೋದ ಹಾಡಿನ ಗುಣ ಕಲಿಸಬೇಕು. ರೇಡಿಯೋದ ಹಾಡು ಕೂಡ್ಲಿಗಿಯಲ್ಲಿ ಕೇಳಿದರೆ ಹರಪನಹಳ್ಳಿಗೆ ಕಡಿಮೆಯಾಗುವುದಿಲ್ಲ, ಬೀಗ ಕೇಳುವುದಿಲ್ಲ, ಯಾರ ಕೈಯಲ್ಲೂ ಸವೆಯುವುದಿಲ್ಲ. ಪುಸ್ತಕವೂ ಹಾಗೇ ಗಾಳಿಯಲ್ಲಿ ಬಂದು ಎಲ್ಲರ ಮನೆಯಲ್ಲೂ ಒಮ್ಮೆಗೇ ಬಿಚ್ಚಿಕೊಳ್ಳಲಿ. ಆಗ ಕುಂಕುಮ ಎಲ್ಲಿ ಹಚ್ಚಬೇಕೆಂಬ ಚಿಂತೆ ನಮಗಿರಲಿ, ತಮಗೆ ಬೇಡ.

ತಮ್ಮ ಬಾಗಿಲ ಹೊರಗೇ ನಿಂತಿರುವ ವಿಶ್ವಾಸಿ,
ದುರುಗಮ್ಮ

ತಾ.ಕ.: ಸೋಮವಾರ ಬಸ್ಸಿನ ಹೊತ್ತಿಗೆ ತಾವು ಬಾಯಿ ತೆರೆಯದಿದ್ದರೆ, ಎರಡನೆಯ ಭಾಗವನ್ನು ನಾನೇ ಕಟ್ಟಿ ಹೇಳಿ ಮಂಗಳ ಮಾಡುವೆನು. ಅದರಲ್ಲಿ ಆ ಹುಡುಗಿ ಕೊಟ್ಟೂರಿನಲ್ಲೇ ಇಳಿದು, ತಮ್ಮಂಥದೇ ಒಂದು ಹಸಿರು ಬೀರು ತಂದು ಕೋಳಿಗೂಡು ಮಾಡಿಕೊಂಡು ಸುಖವಾಗಿರುತ್ತಾಳೆ. ಫಕೀರಬಿ ಇದನ್ನು ಹರಪನಹಳ್ಳಿಯ ಓಣಿಓಣಿಗೂ ಪುಕ್ಕಟೆ ಹೇಳುವವಳು. ಆಮೇಲೆ ನಿಜವಾದ ಕಥೆ ತಮ್ಮೊಳಗೇ ಇದೆಯೆಂದು ತಾವು ಎಷ್ಟು ಬಾಗಿಲು ಬಡಿದುಕೊಂಡರೂ ನಂಬುವವರು ಸಿಗಲಿಕ್ಕಿಲ್ಲ.